ಮಲ್ಲೇಶ್ವರದ ಮನೆ: ವಾಸದ ಲೆಕ್ಕ, ಹೂಡಿಕೆಯ ಲೆಕ್ಕ

ಪೇಟೆಯಲ್ಲಿ ಅಂಗಡಿ, ಪೀಣ್ಯದಲ್ಲಿ ಕಾರ್ಖಾನೆ, ಮಲ್ಲೇಶ್ವರದಲ್ಲಿ ಮನೆ. ಬೆಂಗಳೂರಿನ ಅನೇಕ ಉದ್ಯಮಿ ಕುಟುಂಬಗಳಿಗೆ ಬಾಳಿನ ನೆಲೆಯೆಂದರೆ ಇದೇ. ವ್ಯಾಪಾರದಲ್ಲಿ ನಾಲ್ಕು ಕಾಸು ಮಿಗುತ್ತಲೇ ಅದೇ ಬಡಾವಣೆಯಲ್ಲಿ ಎರಡನೆಯ ಸ್ವತ್ತಿಗೆ ಮನಸ್ಸು ಹರಿಯುವುದೂ ಸಹಜವೇ. ಆದರೆ ವಾಸಕ್ಕೆ ಕೊಳ್ಳುವ ಮನೆ ಮತ್ತು ಹೂಡಿಕೆಗೆ ಕೊಳ್ಳುವ ಮನೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಎಷ್ಟೋ ಸಂಸ್ಥೆಗಳ ಚಾಲ್ತಿ ಬಂಡವಾಳ ಸದ್ದಿಲ್ಲದೆ ಸೋರಿಹೋಗುತ್ತಿದೆ.

ವಾಸದ ದೃಷ್ಟಿಯಿಂದ ಮಲ್ಲೇಶ್ವರದ ಬಗ್ಗೆ ಎರಡು ಮಾತಿಲ್ಲ. 1898ರ ಪ್ಲೇಗ್ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ತಲ್ಲಣಗೊಳಿಸಿದ ತರುವಾಯ ಬಸವನಗುಡಿಯೊಡನೆ ಯೋಜಿತವಾಗಿ ರೂಪುಗೊಂಡ ಬಡಾವಣೆಯಿದು. ನೇರವಾದ ಅಡ್ಡರಸ್ತೆಗಳು, ಗಾಳಿ ಬೆಳಕಿಗೆ ಎಡೆಯಿರುವ ನಿವೇಶನಗಳು, ಕಾಡುಮಲ್ಲೇಶ್ವರ ದೇವಸ್ಥಾನ, ಎಂಟನೆಯ ಅಡ್ಡರಸ್ತೆಯ ಹೂವು ಹಣ್ಣಿನ ಸಾಲು, ಮುಂಜಾನೆಯ ನಡಿಗೆಗೆ 1882ರಷ್ಟು ಹಳೆಯದಾದ ಸ್ಯಾಂಕಿ ಕೆರೆ. ಇವೆಲ್ಲ ಹೊಸ ಬಡಾವಣೆಗೆ ಹಣ ಸುರಿದರೂ ಒದಗುವಂಥವಲ್ಲ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ ಮೆಟ್ರೊ ಸಂಚಾರ ಆರಂಭವಾದಂದಿನಿಂದ ಪೀಣ್ಯದ ಕಾರ್ಖಾನೆಗೆ ಹೋಗಿಬರುವುದೂ ಸುಗಮವಾಗಿದೆ. ಸ್ವಂತ ವಾಸಕ್ಕೆ ಇಲ್ಲಿ ಹೆಚ್ಚು ಬೆಲೆ ತೆತ್ತವರನ್ನು ಯಾರೂ ಆಕ್ಷೇಪಿಸಲಾಗದು. ದಿನಕ್ಕೆ ಒಂದೂವರೆ ಗಂಟೆ ಉಳಿಸಿಕೊಂಡ ಉದ್ಯಮಿಗೆ ಆ ಗಂಟೆಯ ಬೆಲೆ ಏನೆಂಬುದು ಅವನಿಗೇ ಗೊತ್ತು.

ಹೂಡಿಕೆಯ ಮಾತು ಬೇರೆ. ಉದಾಹರಣೆಗೆ, 2 ಕೋಟಿ ರೂಪಾಯಿಯ ಫ್ಲಾಟಿಗೆ ತಿಂಗಳಿಗೆ 45,000 ರೂ. ಬಾಡಿಗೆ ಬರುವುದೆಂದಿಟ್ಟುಕೊಂಡರೆ ವರ್ಷದ ಆದಾಯ 5.40 ಲಕ್ಷ, ಅಂದರೆ ಶೇ. 2.7. ಆಸ್ತಿ ತೆರಿಗೆ, ದುರಸ್ತಿ, ಆದಾಯ ತೆರಿಗೆ ಕಳೆದು ಕೈಗುಳಿಯುವುದು ಶೇ. 2ರ ಆಸುಪಾಸು. ಇನ್ನು ಒಳಹೊಗುವ ವೆಚ್ಚ: ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಒಟ್ಟು ಶೇ. 7.6, ಎಂದರೆ 15.20 ಲಕ್ಷ. ಸುಮಾರು ಮೂರು ವರ್ಷಗಳ ಬಾಡಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲೇ ಮುಗಿಯಿತು!

ಆ ಹಣ ಬಂದದ್ದಾದರೂ ಎಲ್ಲಿಂದ? ಬಹುಪಾಲು ವ್ಯಾಪಾರದಿಂದಲೇ. ಅತ್ತ ಅದೇ ಸಂಸ್ಥೆ ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಗೆ ಶೇ. 10ರಂತೆ ಬಡ್ಡಿ ಕಟ್ಟುತ್ತಿದೆಯೆನ್ನೋಣ. ಬಡ್ಡಿಯನ್ನು ಖರ್ಚಿಗೆ ಹಾಕಿ ಶೇ. 30ರ ತೆರಿಗೆ ಉಳಿಸಿದರೂ ನಿವ್ವಳ ಹೊರೆ ಶೇ. 7. ಫ್ಲಾಟಿನ ಬೆಲೆ ಪ್ರತಿವರ್ಷ ತಪ್ಪದೆ ಶೇ. 5ರಷ್ಟು ಏರಿದರೆ ಮಾತ್ರ ಲೆಕ್ಕ ಸರಿದೂಗುತ್ತದೆ, ಅದೂ ನೋಂದಣಿಯ ವೆಚ್ಚವನ್ನು ಮರೆತರೆ. ವ್ಯಾಪಾರಕ್ಕೆಂದು ಪಡೆದ ಸಾಲ ಸ್ವಂತ ಸ್ವತ್ತಿಗೆ ತಿರುಗಿದೆಯೆಂದು ತೆರಿಗೆ ಅಧಿಕಾರಿ ತೀರ್ಮಾನಿಸಿದಲ್ಲಿ ಆ ಬಡ್ಡಿಯನ್ನು ಖರ್ಚೆಂದು ತೋರಿಸುವ ಅವಕಾಶವೂ ಕೈತಪ್ಪುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಸರಬರಾಜುದಾರರ ಪಾವತಿಯ ಕಡೆಯಿಂದ ಬೀಳುತ್ತದೆ. 2023ರ ಹಣಕಾಸು ಕಾಯ್ದೆಯಿಂದ ಬಂದ ನಿಯಮದಂತೆ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದಲ್ಲಿ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದಲ್ಲಿ 15 ದಿನಗಳಲ್ಲಿ ಬಾಕಿ ತೀರಿಸಬೇಕು. ಗಡುವು ಮೀರಿ ವರ್ಷಾಂತ್ಯಕ್ಕೆ ಉಳಿದ ಬಾಕಿ ಆ ವರ್ಷದ ಖರ್ಚಾಗಿ ಸಲ್ಲದು. ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಸಲ್ಲುತ್ತದೆ. ಫೆಬ್ರವರಿಯಲ್ಲಿ ಫ್ಲಾಟಿಗೆ ಮುಂಗಡ ಕೊಟ್ಟು, ಮಾರ್ಚ್‌ನಲ್ಲಿ ಸರಬರಾಜುದಾರರಿಗೆ ಕೈಯಾಡಿಸುವ ವರ್ತಕ ಕೈಗೆ ಬಾರದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಇಟ್ಟಿಗೆ ಗೋಡೆಯನ್ನು ಒಡೆದು ಮುಂಗಡ ತೆರಿಗೆ ಕಟ್ಟಲಾಗದು.

ಹಳೆಯ ಬಡಾವಣೆಯಲ್ಲಿ ಬೆಲೆ ಏರುವುದು ನೆಲಕ್ಕೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ. 40x60 ಅಡಿಯ ನಿವೇಶನದ ಹಳೆಯ ಮನೆಯನ್ನು ಕೊಂಡವನಿಗೆ ನೆಲವೆಲ್ಲ ಅವನದೇ. ಅಂಥ ಮನೆ ಕೆಡವಿ ಕಟ್ಟಿದ ಎಂಟು ಫ್ಲಾಟುಗಳಲ್ಲಿ ಒಂದನ್ನು ಕೊಂಡವನಿಗೆ ಸಮಪಾಲಿನ ಲೆಕ್ಕದಲ್ಲಿ ದಕ್ಕುವುದು 300 ಚದರಡಿಯ ಅವಿಭಜಿತ ಹಕ್ಕು. ಅಮೃತಶಿಲೆಯ ನೆಲಹಾಸನ್ನು ಮೆಚ್ಚುವವರು ಕ್ರಯಪತ್ರದ ಈ ಅಂಕಿಯನ್ನು ಓದುವುದೇ ಅಪರೂಪ.

ಹಕ್ಕುದಾರಿಕೆಯ ಶೋಧನೆಯೂ ಇಲ್ಲಿ ಹೆಚ್ಚು ಎಚ್ಚರ ಬೇಡುತ್ತದೆ. ಮೂರು ತಲೆಮಾರು ಬಾಳಿದ ಮನೆಯೆಂದರೆ ಪಿತ್ರಾರ್ಜಿತದ ಪ್ರಶ್ನೆ ಇದ್ದೇ ಇರುತ್ತದೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಹದಾಯಾದ ಹಕ್ಕು 1994ರಲ್ಲೇ ಬಂದಿತ್ತು. ಆದರೆ ಅದು ಅದಕ್ಕೂ ಮೊದಲೇ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಕಟ್ಟಿಲ್ಲ. ಆ ದಿನಕ್ಕೆ ತಂದೆ ಬದುಕಿರಲೇಬೇಕಿಲ್ಲವೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಣ್ಣತಮ್ಮಂದಿರ ಸಹಿ ಇದ್ದು ಅಕ್ಕತಂಗಿಯರ ಸಹಿ ಇಲ್ಲದ ಪತ್ರವನ್ನು ನಂಬಿ ಮುಂಗಡ ಕೊಡುವುದು ವ್ಯಾಜ್ಯವನ್ನು ಕ್ರಯಕ್ಕೆ ಪಡೆದಂತೆ. ಇ-ಖಾತೆ ಇದ್ದ ಮಾತ್ರಕ್ಕೆ ಈ ದೋಷ ನೀಗದು. ಖಾತೆ ತೆರಿಗೆಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ.

ಇಷ್ಟಾಗಿಯೂ ಕೊಳ್ಳುವುದೇ ನಿಶ್ಚಯವಾದರೆ ಯಾರ ಹೆಸರಿನಲ್ಲಿ ಎಂಬುದು ಮುಖ್ಯ. 2024ರ ಜುಲೈ 23ಕ್ಕೆ ಮೊದಲು ಪಡೆದ ನೆಲ, ಕಟ್ಟಡವನ್ನು ಮಾರುವಾಗ ಸೂಚ್ಯಂಕವಿಲ್ಲದೆ ಶೇ. 12.5 ಅಥವಾ ಸೂಚ್ಯಂಕದೊಡನೆ ಶೇ. 20, ಯಾವುದು ಕಡಿಮೆಯೋ ಅದನ್ನು ತೆರುವ ಸೌಲಭ್ಯ ನಿವಾಸಿ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಮಾತ್ರ ಇದೆ. ವಾಸದ ಮನೆ ಮಾರಿ ಮತ್ತೊಂದು ಮನೆ ಕೊಂಡು 10 ಕೋಟಿಯ ಮಿತಿಯೊಳಗೆ ಬಂಡವಾಳ ಲಾಭದ ತೆರಿಗೆ ಉಳಿಸಿಕೊಳ್ಳುವ ಅವಕಾಶವೂ ವ್ಯಕ್ತಿ ಮತ್ತು ಅವಿಭಕ್ತ ಕುಟುಂಬಕ್ಕೇ ಮೀಸಲು. ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಕೊಂಡ ಫ್ಲಾಟಿಗೆ ಇವೆರಡೂ ದೊರೆಯವು. ಮೇಲಾಗಿ ಸಂಸ್ಥೆ ಮುಗ್ಗರಿಸಿದ ದಿನ ಸಾಲಗಾರರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.