ಹಿತ್ತಲಿನ ಕಥೆ ಯಾವ ಬೀರುವಿನಲ್ಲಿದೆ?

ಕಳೆದ ತಿಂಗಳು ನಾವು ಮೂವರು ಒಂದು ಗ್ರಾಮ ಪಂಚಾಯಿತಿ ಕಟ್ಟಡಕ್ಕೆ ಹೋಗಿದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಬೈಗುಳ ಅವರೊಬ್ಬರಿಗೇ ಬೀಳುತ್ತದೆ. ನಮ್ಮ ನಮ್ಮ ಊರಿನ ಸ್ಥಿತಿಯೂ ಅದಕ್ಕಿಂತ ಚೆನ್ನಾಗೇನಿಲ್ಲ. ಒಂದು ಬದಿ ಕಚೇರಿ, ಇನ್ನೊಂದು ಬದಿ ಗ್ರಂಥಾಲಯ, ನಡುವೆ ಒಂದು ಗೋಡೆ.

ಮೊದಲು ಗ್ರಂಥಾಲಯಕ್ಕೆ ಹೋದೆವು. "ಬಿ.ಜಿ.ಎಲ್. ಸ್ವಾಮಿ ಅವರ 'ಹಸಿರು ಹೊನ್ನು' ಇದೆಯಾ ಅಕ್ಕಾ?" ಎಂದು ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದೆವು. ಅವರು ರಿಜಿಸ್ಟರ್ ತಿರುವಿದರು, ಬೀರು ನೋಡಿದರು. "ಇಲ್ಲ ಕಣ್ರಪ್ಪ. ಅದು ಎಫ್‌ಡಿಎ ಪರೀಕ್ಷೆಗೆ ಬರುತ್ತಾ?" ಅಂದರು.

ಅವರನ್ನು ನೋಡಿ ನಗಬೇಡಿ. ಅಲ್ಲಿಗೆ ಬರುವ ಹುಡುಗ ಹುಡುಗಿಯರು ಕೇಳುವುದೇ ಪರೀಕ್ಷೆ ಪುಸ್ತಕ. ಅದು ಬೇಕೂ ಬೇಕು. ಆದರೆ ಗಿಡಮರದ ಬಗ್ಗೆ ಆ ಬೀರುವಿನಲ್ಲಿ ಇದ್ದದ್ದು ಎರಡೇ. ಒಂದು, ಎಕರೆಗೆ ಎಷ್ಟು ಗೊಬ್ಬರ ಹಾಕಬೇಕು ಎಂದು ಹೇಳುವ ಬೇಸಾಯದ ಕೈಪಿಡಿ. ಇನ್ನೊಂದು, ಪೇಟೆಯವರಿಗಾಗಿ ಬರೆದ ತಾರಸಿ ತೋಟದ ಪುಸ್ತಕ. ಹೆಂಚಿನ ಮನೆಗಳೇ ಹೆಚ್ಚಿರುವ ಊರಿಗೆ ಅದು ಹೇಗೆ ಬಂತೋ ದೇವರೇ ಬಲ್ಲ.

ಆಮೇಲೆ ಗೋಡೆಯ ಆಚೆ ಹೋಗಿ 'ಜನತಾ ಜೀವವೈವಿಧ್ಯ ದಾಖಲಾತಿ' ತೋರಿಸಿ ಎಂದೆವು. ಇದನ್ನು ಕೇಳದವರಿಗೆ ಎರಡು ಮಾತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಬಿತ್ತನೆ ತಳಿ, ದನಕರು, ಮದ್ದಿನ ಬಳ್ಳಿ, ಅದರ ಬಗ್ಗೆ ಜನ ತಿಳಿದಿರುವ ಸಂಗತಿ, ಇವನ್ನೆಲ್ಲ ಊರಿನವರನ್ನೇ ಕೇಳಿ ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಯೋಚಿಸಿ ನೋಡಿ, ಊರೂರಿಗೂ ಒಂದು ಗಿಡದ ಪುಸ್ತಕ ಬರೆಯಿರಿ ಎಂದು ಕಾಯ್ದೆಯೇ ಹೇಳಿದೆ!

ಬೀಗದ ಬೀರುವಿನಿಂದ ಆ ಪುಸ್ತಕ ಬಂತು. ಕಂಪ್ಯೂಟರಿನಲ್ಲಿ ಅಚ್ಚಾದ ಕೋಷ್ಟಕಗಳು. 'ಬದನೆ – ತರಕಾರಿ – ಮಾರಾಟ ಮತ್ತು ಮನೆ ಬಳಕೆ.' ಅಷ್ಟೇ. ಯಾವ ಬದನೆ? ಯಾರ ಹಿತ್ತಲಿನದು? ಬೀಜ ಎಲ್ಲಿಂದ ಬಂತು? ಏನೂ ಇಲ್ಲ. ಅದೇ ಊರಿನ ಇಬ್ಬರು ಹೆಂಗಸರನ್ನು ಕೇಳಿದೆವು. ಬರೆಯಲು ಯಾರೂ ತಮ್ಮ ಮನೆಗೆ ಬಂದಿಲ್ಲ ಎಂದರು.

ಇದೊಂದು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಬದನೆಯ ಮಾತೇ ಬಂತಲ್ಲ, ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳವನ್ನೇ ನೋಡೋಣ. ದುಂಡನೆಯ ಹಸಿರು ಬದನೆ, ತೊಟ್ಟಿನಲ್ಲಿ ಮುಳ್ಳು. ಸೋದೆಯ ವಾದಿರಾಜರು ಊರವರಿಗೆ ಈ ಬೀಜ ಕೊಟ್ಟು ಬಿತ್ತಿಸಿದರು ಎಂಬುದು ಅಲ್ಲಿನ ಐತಿಹ್ಯ. ಮೊದಲ ಬೆಳೆಯನ್ನು ಕೃಷ್ಣ ಮಠಕ್ಕೆ ಒಪ್ಪಿಸುವ ಪದ್ಧತಿಯೂ ಇದೆ. ಐತಿಹ್ಯವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಕಥೆ ಮಾಡಿದ ಕೆಲಸ ನೋಡಿ. ಅಂಗಡಿಯಲ್ಲಿ ಹೈಬ್ರಿಡ್ ಬೀಜದ ಪೊಟ್ಟಣ ಬಂದ ಮೇಲೂ ಮಟ್ಟುವಿನವರು ಗುಳ್ಳ ಬಿಡಲಿಲ್ಲ. ಕುಲಾಂತರಿ ಬದನೆ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ಗುಳ್ಳದ ಗತಿ ಏನು ಎಂಬ ಪ್ರಶ್ನೆ ಆ ಕಡೆ ಜೋರಾಗಿಯೇ ಎದ್ದಿತ್ತು. 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬದನೆಗೆ ತಡೆ ಹಾಕಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು.

ನಮ್ಮಲ್ಲೊಬ್ಬರ ಮನೆಯಲ್ಲೂ ಒಂದು ಬದನೆ ಇತ್ತು. ಮುಳ್ಳಿನ ಗಿಡ, ಬಿಳಿ ಗೆರೆಯ ಕಾಯಿ. ಅಜ್ಜಿ ಬೀಜಕ್ಕೆ ಬಿಟ್ಟ ಹಣ್ಣನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸುತ್ತಿದ್ದರು. ಅಜ್ಜಿ ಹೋದ ಮರುವರ್ಷ ಯಾರೂ ಒಣಗಿಸಲಿಲ್ಲ. ಅದಕ್ಕೆ ಹೆಸರಿತ್ತೋ ಇಲ್ಲವೋ ಎಂದು ಕೇಳಿ ತಿಳಿಯಲು ಈಗ ಮನೆಯಲ್ಲಿ ಯಾರೂ ಉಳಿದಿಲ್ಲ. ಮಟ್ಟುಗುಳ್ಳದ ಹಿಂದೆ ಮಠವಿದೆ, ಊರಿದೆ, ಮಾರುಕಟ್ಟೆಯೂ ಇದೆ, ಬರೀ ಕಥೆಯಿಂದಲೇ ಅದು ಉಳಿಯಿತು ಎನ್ನುವಷ್ಟು ಮುಗ್ಧರು ನಾವಲ್ಲ. ಆದರೂ ಹೇಳಿಕೊಳ್ಳಲು ಕಥೆ ಇಲ್ಲದ ಬೀಜವನ್ನು ಕೈಬಿಡುವುದು ಸುಲಭ ಎಂಬುದನ್ನು ನಾವು ನಮ್ಮ ಮನೆಯಲ್ಲೇ ನೋಡಿದ್ದೇವೆ.

ಗಿಡದ ಕಥೆ ಹೇಳುವುದು ಹೇಗೆ ಎಂದು ಕಲಿಯಲು ಕನ್ನಡದಲ್ಲಿ ಸ್ವಾಮಿಯವರಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಿಕ್ಕಿಲ್ಲ. ಡಿ.ವಿ.ಜಿ. ಅವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಅಲೆದದ್ದೇ 'ಹಸಿರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಅಂದ ತಕ್ಷಣ ಹೆದರಬೇಡಿ. ಹುಡುಗರ ತರಲೆ, ಊಟತಿಂಡಿಯ ಪಾಡು, ನಡುನಡುವೆ ಗಿಡದ ಗುಟ್ಟು, ಅವರೇ ಬರೆದ ಚಿತ್ರ, ಎಲ್ಲ ಇದೆ. ನಮ್ಮಲ್ಲೊಬ್ಬರು ಇದನ್ನು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಓದುತ್ತಾ ನಕ್ಕು, ಪಕ್ಕದವರಿಂದ ವಿಚಿತ್ರವಾಗಿ ನೋಡಿಸಿಕೊಂಡಿದ್ದಾರೆ.

ಅವರದೇ ಇನ್ನೊಂದು ಪುಸ್ತಕ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಹೆಸರೇ ಅರ್ಧ ಕಥೆ ಹೇಳುತ್ತದೆ. ನಾವು ದಿನಾ ತಿನ್ನುವುದರಲ್ಲಿ ಎಷ್ಟೋ ಸಮುದ್ರ ದಾಟಿ ಬಂದದ್ದು. ಬ್ಯಾಡಗಿಯ ಕೆಂಪು ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ ಬಂತು. ಅದಕ್ಕೆ ಮೊದಲು ನಮಗೆ ಖಾರ ಎಂದರೆ ಕರಿಮೆಣಸು, ಅದರ ಹೆಸರನ್ನೇ ಹೊಸಬನಿಗೂ ಕೊಟ್ಟೆವು. ಕೋಲಾರದ ಟೊಮೆಟೊ, ಶೇಂಗಾ, ಆಲೂಗಡ್ಡೆ, ಗೋಡಂಬಿ, ಸೀಬೆ, ಮುಸುಕಿನ ಜೋಳ ಎಲ್ಲ ಅಲ್ಲಿಯವೇ. ಪರಂಗಿ ಹಣ್ಣಿನ ಹೆಸರಿನಲ್ಲೇ ಫರಂಗಿಯವನು ಕೂತಿದ್ದಾನೆ. ಸೀತಾಫಲಕ್ಕಂತೂ ಸೀತೆಯ ಹೆಸರಿಟ್ಟು ಮನೆಮಗಳನ್ನೇ ಮಾಡಿಕೊಂಡೆವು. ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಹಾಕುವ ಚೆಂಡುಹೂವಿನ ತವರು ಮೆಕ್ಸಿಕೊ. 'ಇದು ಅಪ್ಪಟ ನಾಟಿ, ಅದು ವಿದೇಶಿ ಸಂಚು' ಎಂದು ವಾಟ್ಸ್ಯಾಪಿನಲ್ಲಿ ಫಾರ್ವರ್ಡ್ ಮಾಡುವ ಮಾವಂದಿರಿಗೆ ಈ ಪುಸ್ತಕವನ್ನು ಹುಟ್ಟುಹಬ್ಬಕ್ಕೆ ಕೊಡಬಹುದು. ಹಾಗಂತ ಬಂದವರೆಲ್ಲ ಒಳ್ಳೆಯ ನೆಂಟರಲ್ಲ. ಬ್ರಿಟಿಷರು ತೋಟದ ಚಂದಕ್ಕೆಂದು ತಂದ ಲಂಟಾನ ಇವತ್ತು ಕಾಡನ್ನೇ ನುಂಗುತ್ತಿದೆ.

ಇವು ಬರೆದ ಪುಸ್ತಕಗಳಾದವು. ಅಕ್ಷರ ಬಾರದ ಹೆಂಗಸರು ಹೇಳಿದ ಕಥೆಯೂ ಇದೆ. ಎ.ಕೆ. ರಾಮಾನುಜನ್ ಕರ್ನಾಟಕದ ಹಳ್ಳಿಗಳಲ್ಲಿ ಕೇಳಿ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ. ಬಡ ತಾಯಿಯ ಮಗಳು. ಮೈಮೇಲೆ ಒಂದು ಕೊಡ ನೀರು ಸುರಿದರೆ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಅಕ್ಕನಿಗೆ ಅವಳು ಹೇಳುವುದು ಒಂದೇ ಮಾತು: ಹೂವು ಕೀಳು, ಆದರೆ ಚಿಗುರು ಮುರಿಯಬೇಡ, ಎಲೆ ಹರಿಯಬೇಡ. ಮದುವೆಯಾದ ಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಆಸೆಗೆ ಬಿದ್ದು ಕೊಂಬೆಯನ್ನೇ ಮುರಿಯುತ್ತಾರೆ. ಹುಡುಗಿ ಕೈಕಾಲಿಲ್ಲದ ಅರ್ಧ ಜೀವವಾಗಿ ಉಳಿಯುತ್ತಾಳೆ. ಈ ಕಥೆಯನ್ನು ಆಧರಿಸಿ ಗಿರೀಶ್ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಹಿಂದಿ ಸಿನಿಮಾ ಮಾಡಿದರು. 2006ರಲ್ಲಿ ದೂರದ ವಿಯೆನ್ನಾದಲ್ಲಿ ಇದು ಒಪೆರಾ ಆಗಿ ರಂಗಕ್ಕೆ ಬಂತು. ನಮ್ಮ ಜಗಲಿಯಲ್ಲಿ ಮಾತ್ರ ಇದನ್ನು ಹೇಳುವವರು ಸಿಗುತ್ತಿಲ್ಲ. ನಾವು ಪತ್ರಿಕೋದ್ಯಮ ಓದುವಾಗ ಇಂಗ್ಲಿಷ್ ಪುಸ್ತಕದಲ್ಲಿ ಓದಿ ತಿಳಿದೆವು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಗಿಡದ ಪುಸ್ತಕದ ಪಾಡೂ ಅಷ್ಟೇ ಆಗಿದೆ. ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಮನೆ ಕಂದಾಯದ ಜೊತೆ ನೀವು ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ, ರಸೀದಿ ತೆಗೆದು ನೋಡಿ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ, ಅಂದರೆ ಕೇಳಲು ಜಿಲ್ಲಾ ಕೇಂದ್ರಕ್ಕೆ ಓಡಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಒಬ್ಬರಾದರೂ ಎದ್ದು ನಿಂತು ಸ್ವಾಮಿಯವರ ಎರಡು ಪುಸ್ತಕ ತರಿಸಿ ಎನ್ನಿ. ಪರೀಕ್ಷೆ ಪುಸ್ತಕದ ಜಾಗ ಕಿತ್ತುಕೊಳ್ಳುವುದು ಬೇಡ, ಪಕ್ಕದಲ್ಲಿ ಇಡಲಿ. ಹಾಗೆಯೇ ಜೀವವೈವಿಧ್ಯ ದಾಖಲಾತಿಯನ್ನು ಸಭೆಯಲ್ಲಿ ಓದಿ ಹೇಳಿ ಎಂದು ಪಿಡಿಒ ಅವರನ್ನು ಕೇಳಿ. ತಪ್ಪಿದ್ದರೆ ತಿದ್ದಿಸಿ, ಬಿಟ್ಟದ್ದನ್ನು ಸೇರಿಸಿ. ಮದ್ದಿನ ಗುಟ್ಟನ್ನೆಲ್ಲ ಬಿಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಯಾವುದು ಹೇಳಬೇಕು, ಯಾವುದು ಬೇಡ ಎಂಬುದು ಬಲ್ಲವರ ಇಷ್ಟ.

ನಾವು ಮಾಡಿದ್ದು ಸಣ್ಣದು. ಅದೇ ಗ್ರಂಥಾಲಯದ ಮೇಜಿನ ಮೇಲೆ, ಅಕ್ಕನನ್ನು ಕೇಳಿಯೇ, ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟು ದಾರದಲ್ಲಿ ಪೆನ್ನು ಕಟ್ಟಿ ಬಂದೆವು. ಮೊದಲ ಪುಟದಲ್ಲಿ ನಮ್ಮವರೊಬ್ಬರ ದೊಡ್ಡಮ್ಮನ ಕಥೆ ಬರೆದೆವು. ಮದುವೆಯಾಗಿ ಬರುವಾಗ ತವರಿನ ಬಸಳೆ ಬಳ್ಳಿಯ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಟ್ರಂಕಿನಲ್ಲಿಟ್ಟು ತಂದಿದ್ದರಂತೆ. ಹೊಸ ಸೀರೆಗೆ ಕಲೆಯಾಗಿ ಅತ್ತೆಯಿಂದ ಬೈಸಿಕೊಂಡರಂತೆ. ಆ ಬಳ್ಳಿ ಈಗ ಓಣಿಯ ಎಷ್ಟೋ ಮನೆಗಳ ಚಪ್ಪರದಲ್ಲಿದೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. ಎರಡನೇ ಪುಟದಲ್ಲಿ ಯಾರೋ ಕನಕಾಂಬರದ ಬಗ್ಗೆ ಬರೆದಿದ್ದಾರಂತೆ. ಹೆಸರು ಹಾಕಿಲ್ಲ. ಅಕ್ಷರ ನೋಡಿದರೆ ಏಳನೇ ಕ್ಲಾಸಿನ ಹುಡುಗಿ ಇರಬೇಕು, ಆದರೆ ಹೇಳಿ ಬರೆಸಿದ್ದು ಅವಳ ಅಜ್ಜಿಯೇ ಸರಿ ಎಂದು ಅಕ್ಕ ನಕ್ಕರು.