ನಾವು ಎಂಥ ಜಾಣತನ ಮೆಚ್ಚುತ್ತೇವೆ?

ಕ್ಲಾಸಿನಲ್ಲಿ ಐಎಂಎ ಹಗರಣದ ಮಾತು ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ, ‘ಏನ್ ತಲಿ ಲೇ ಅವಂದು!’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೆಂಗಳೂರಿನ ಆ ಕಂಪನಿ ‘ಹಲಾಲ್’ ಲಾಭ ಎಂದು ಹೇಳಿ ಹಣ ಕೂಡಿಸಿತ್ತು. 2019ರ ಜೂನ್‌ನಲ್ಲಿ ಮಾಲೀಕ ಮನ್ಸೂರ್ ಖಾನ್ ದುಬೈಗೆ ಹೋದಾಗ ಹತ್ತಾರು ಸಾವಿರ ಜನ ದೂರು ಕೊಟ್ಟರು. ಹೆಚ್ಚಿನವರು ನಮ್ಮಂಥ ಮನೆಗಳವರೇ. ಶಿವಾಜಿನಗರದ ಸರ್ಕಾರಿ ಶಾಲೆಯನ್ನು ಅದೇ ಕಂಪನಿ ಚೆಂದ ಮಾಡಿಕೊಟ್ಟಿತ್ತು. ಜನ ನಂಬದೆ ಏನು ಮಾಡಿಯಾರು? ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ನನ್ನ ಚಿಂತೆ ನಮ್ಮ ನಗುವಿನ ಬಗ್ಗೆ.

ತನ್ನನ್ನೇ ಮೆಚ್ಚಿಕೊಳ್ಳುವುದು, ಜನರನ್ನು ದಾಳದಂತೆ ನಡೆಸುವುದು, ಇನ್ನೊಬ್ಬರ ನೋವು ತಟ್ಟದಿರುವುದು: ಈ ಮೂರಕ್ಕೆ ಮನಃಶಾಸ್ತ್ರಜ್ಞರು 2002ರಲ್ಲಿ ‘ಡಾರ್ಕ್ ಟ್ರಯಾಡ್’ ಎಂದು ಹೆಸರಿಟ್ಟರು. ಡೆನ್ಮಾರ್ಕ್‌ನ 2017ರ ಅಧ್ಯಯನದಲ್ಲಿ, ಆಗಷ್ಟೇ ಕಾಲೇಜು ಸೇರಿದವರಲ್ಲಿ, ಮನಃಶಾಸ್ತ್ರದವರಿಗಿಂತ ವಾಣಿಜ್ಯ, ಅರ್ಥಶಾಸ್ತ್ರದವರಲ್ಲಿ ಇವು ಹೆಚ್ಚು ಕಂಡವು. ಅಂದರೆ ಪಾಠ ಕಲಿಯುವ ಮೊದಲೇ! ಇಂಥವರು ಇಂಟರ್‌ವ್ಯೂನಲ್ಲಿ ಮಿಂಚಬಹುದು. ಕೈಗೆ ಕ್ಯಾಶ್ ಬುಕ್, ಕೆಳಗೆ ನಾಲ್ಕು ಜನ ಸಿಕ್ಕಮೇಲೆ ತೊಂದರೆ ಶುರು.

ಡೆನ್ಮಾರ್ಕ್ ದೂರವಾಯಿತು, ನನ್ನದೇ ಹೇಳುತ್ತೇನೆ. ರಜೆಯಲ್ಲಿ ಮಸ್ಕಿಯಲ್ಲಿ ಮಾಮು ಅಂಗಡಿಯಲ್ಲಿ ಕೂತಿದ್ದೆ. ಲಿಂಗಸೂಗೂರಿನಿಂದ ಬಂದಿದ್ದ ಒಬ್ಬ ಅಮ್ಮನಿಗೆ ‘ಇದೊಂದೇ ಸೀರಿ ಉಳಿದೈತ್ರೀ’ ಅಂದೆ. ಒಳಗೆ ಇನ್ನೂ ಹನ್ನೆರಡು ಇದ್ದವು. ಪಾಪ, ಚೌಕಾಸಿ ಮಾಡದೆ ದುಡ್ಡು ಕೊಟ್ಟರು. ‘ನೀನು ಬಿಸಿನೆಸ್‌ಗೆ ಲಾಯಕ್ಕು’ ಎಂದು ಮಾಮು ಬೆನ್ನು ತಟ್ಟಿದರು. ಆ ಖುಷಿ ಎರಡು ದಿನ ಇತ್ತು.

ಸಿಂಧನೂರಿನ ನಮ್ಮ ಕಾಲೇಜಿನ ಕಾಮರ್ಸ್ ಫೆಸ್ಟ್‌ನಲ್ಲಿ ಹೆಚ್ಚು ಮಾರಿದ ಸ್ಟಾಲ್‌ಗೆ ಬಹುಮಾನ. ಏನು ಹೇಳಿ ಮಾರಿದರೆಂದು ಯಾರೂ ಕೇಳುವುದಿಲ್ಲ. ಈ ಸಲ ಕೊಂಡವರನ್ನೂ ಕೇಳಿ ಅಂಕ ಕೊಡಬೇಕೆಂದು ಸರ್, ಮೇಡಂಗಳಲ್ಲಿ ನನ್ನ ವಿನಂತಿ.