ಶಕುಂತಲಾದೇವಿ ಎತ್ತಿದ ಇನ್ನೊಂದು ಪ್ರಶ್ನೆ

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರ ಹೆಸರು ಕೇಳದ ವಿದ್ಯಾರ್ಥಿಗಳು ವಿರಳ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಅವರು 28 ಸೆಕೆಂಡುಗಳಲ್ಲಿ ಬಾಯಿಲೆಕ್ಕದಲ್ಲೇ ಗುಣಿಸಿದರು. ಅದು ಗಿನ್ನೆಸ್ ದಾಖಲೆಯಾಯಿತು. ಆದರೆ ಇದೇ ಶಕುಂತಲಾದೇವಿ 1977ರಲ್ಲಿ ಸಲಿಂಗಪ್ರೇಮಿಗಳ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರೆಂಬುದು ಬಹಳ ಜನಕ್ಕೆ ತಿಳಿಯದು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಅದು ಅಪರಾಧವೇಕೆ ಎಂದು ಅವರು ಅಂದೇ ಕೇಳಿದ್ದರು. ಆಗ ಭಾರತೀಯ ದಂಡಸಂಹಿತೆಯ 377ನೇ ಕಲಮಿನಡಿ ಇದಕ್ಕೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸಲು ಅವಕಾಶವಿತ್ತು. ಅವರು 2013ರಲ್ಲಿ ತೀರಿಕೊಂಡರು. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಅಪರಾಧವಲ್ಲ ಎಂದಾದ ಮೇಲೆ, ಮದುವೆಗೆ ಅವಕಾಶ ಉಂಟೇ ಎಂಬ ಪ್ರಶ್ನೆ ಎದ್ದಿತು. ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ತೀರ್ಪು ಕೊಟ್ಟಿತು. ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯ ತಿದ್ದಲಾಗದು, ಅದು ಸಂಸತ್ತಿನ ಕೆಲಸ ಎಂಬಲ್ಲಿ ಐವರದೂ ಒಂದೇ ಮಾತು. ಮದುವೆಯೆನ್ನದೆ ಜೊತೆಬಾಳುವೆಗಾದರೂ ಕಾನೂನಿನ ಮನ್ನಣೆ ಬೇಕೆಂದು ಚಂದ್ರಚೂಡ್ ಮತ್ತು ಕೌಲ್ ಅವರೆಂದರೆ, ಮೈಸೂರಿನಲ್ಲಿ ಹುಟ್ಟಿದ ರವೀಂದ್ರ ಭಟ್ ಅವರೂ ಸೇರಿ ಉಳಿದ ಮೂವರು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು.

ಇಷ್ಟಕ್ಕೂ ಒಂದು ಮದುವೆ ಪ್ರಮಾಣಪತ್ರದಲ್ಲಿ ಏನಿದೆ? ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಯಾವುದೇ ದಂಪತಿಯನ್ನು ಎಣಿಸಿಕೊಳ್ಳಿ. ಗಂಡ ಆಸ್ಪತ್ರೆ ಸೇರಿದರೆ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಹೆಂಡತಿ ಸಹಿ ಹಾಕುತ್ತಾಳೆ. ಅವನು ಸರ್ಕಾರಿ ನೌಕರನಾಗಿ ತೀರಿಕೊಂಡರೆ ಕುಟುಂಬ ಪಿಂಚಣಿ ಅವಳಿಗೆ. ಉಯಿಲು ಬರೆಯದಿದ್ದರೂ ಹೊಲಮನೆಯಲ್ಲಿ ಪಾಲು ಅವಳಿಗೆ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರು ಹೆಂಗಸರಿಗೆ ಇವು ತಾವಾಗಿ ದೊರೆಯುವುದಿಲ್ಲ. ಅರ್ಜಿದಾರರ ವಾದದ ತಿರುಳು ಇದೇ.

ಎದುರು ವಾದವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಮದುವೆಯೆಂದರೆ ಗಂಡು ಹೆಣ್ಣಿನ ಸಂಬಂಧವೆಂದೇ ನಮ್ಮ ಧರ್ಮಗಳೂ ಕಾನೂನುಗಳೂ ತಿಳಿದುಬಂದಿವೆ, ಇದನ್ನು ಬದಲಿಸುವುದಾದರೆ ಜನಪ್ರತಿನಿಧಿಗಳೇ ಬದಲಿಸಬೇಕು ಎಂದು ಕೇಂದ್ರ ಸರ್ಕಾರ ವಾದಿಸಿತು. ವಿಶೇಷ ವಿವಾಹ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ವರ್ಷವೆನ್ನುತ್ತದೆ. ಇಬ್ಬರೂ ಗಂಡಸರಾದರೆ, ಇಬ್ಬರೂ ಹೆಂಗಸರಾದರೆ ಜೀವನಾಂಶ ಯಾರಿಗೆ, ದತ್ತು ಹೇಗೆ ಎಂಬ ತೊಡಕುಗಳು ನಿಜವಾದವೇ. ಆದರೆ ಬಿಡಿಸಲಾಗದ ತೊಡಕುಗಳೇನಲ್ಲ. ನೆದರ್ಲೆಂಡ್ಸ್ 2001ರಲ್ಲಿ, ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ ಇಂಥ ಮದುವೆಗೆ ದಾರಿ ಮಾಡಿಕೊಟ್ಟವು. ನೆರೆಯ ನೇಪಾಳದಲ್ಲಿ 2023ರಲ್ಲಿ ಮೊದಲ ನೋಂದಣಿ ನಡೆಯಿತು. ನಮ್ಮಲ್ಲಿಯೂ 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು ಎಂದು ತಿಳಿಸಿತು.

ಇನ್ನು ವಿಜ್ಞಾನದ ಮಾತು. ಸಲಿಂಗಪ್ರೇಮ ರೋಗವೆಂಬ ಎಣಿಕೆ ಹಳೆಯದಾಯಿತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದವು. ಹಾಗಾದರೆ ಇದು ರಕ್ತದಲ್ಲೇ ಬರುತ್ತದೆಯೇ? 2019ರಲ್ಲಿ ಪ್ರಕಟವಾದ, ನಾಲ್ಕೂ ಮುಕ್ಕಾಲು ಲಕ್ಷ ಜನರ ಅಧ್ಯಯನವೊಂದು ಇದಕ್ಕೆಂದೇ ಒಂದು ಜೀನ್ ಇಲ್ಲವೆಂದಿತು. ಅನೇಕ ಜೀನ್‌ಗಳ ಸಣ್ಣ ಸಣ್ಣ ಪ್ರಭಾವ ಇದೆ, ಪರಿಸರದ ಪಾತ್ರವೂ ಇದೆ. ಹಾಗೆಂದು ಬೈದರೆ, ಬಡಿದರೆ ಬದಲಾಗುವಂಥದ್ದಲ್ಲ. ಚಿಕಿತ್ಸೆಯಿಂದ ಇದನ್ನು ಬದಲಿಸುತ್ತೇವೆ ಎನ್ನುವ ವೈದ್ಯರ ನಡೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.

ತಂದೆತಾಯಂದಿರು ಇದನ್ನು ಅಗತ್ಯವಾಗಿ ಗಮನಿಸಬೇಕು. 'ಒಂದು ಮದುವೆ ಮಾಡಿಬಿಟ್ಟರೆ ಎಲ್ಲಾ ಸರಿಹೋಗುತ್ತೆ' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಸಾಲ ಮಾಡಿ, ಚಪ್ಪರ ಹಾಕಿ, ಮನಸ್ಸಿಲ್ಲದ ಹುಡುಗನಿಗೆ ಏನೂ ತಿಳಿಯದ ಹುಡುಗಿಯನ್ನು ಕಟ್ಟಿದರೆ ಹಾಳಾಗುವುದು ಎರಡು ಬಾಳು. ತಪ್ಪು ಯಾರದೆಂದು ಆ ಹುಡುಗಿ ಕೇಳಿದರೆ ಹಿರಿಯರಲ್ಲಿ ಉತ್ತರವಿರುವುದಿಲ್ಲ. ಕಾನೂನು ಇಂದು ಸಲಿಂಗ ವಿವಾಹವನ್ನು ಒಪ್ಪದಿರಬಹುದು. ಆದರೆ ಒಲ್ಲದ ಮದುವೆಗೆ ಮಕ್ಕಳನ್ನು ದೂಡಿರೆಂದು ಯಾವ ಕಾನೂನೂ ಹೇಳಿಲ್ಲ.

ಹದಿನೈದು ಹದಿನಾರರ ವಯಸ್ಸಿನಲ್ಲಿ ಮನಸ್ಸು ಗೊಂದಲಗೊಳ್ಳುವುದು ಸಹಜ. ಎಲ್ಲ ಗೆಳೆತನವೂ ಪ್ರೇಮವಲ್ಲ. ಅವಸರದಿಂದ ಯಾರಿಗೂ ಹಣೆಪಟ್ಟಿ ಹಚ್ಚಬೇಕಾಗಿಲ್ಲ. ಸಹಪಾಠಿಯ ನಡಿಗೆ, ದನಿಯನ್ನು ಅಣಕಿಸುವ ವಿದ್ಯಾರ್ಥಿಗಳು, ಆತ ಶಾಲೆಯನ್ನೇ ಬಿಟ್ಟಾನು, ಜೀವವನ್ನೇ ಕಳೆದುಕೊಂಡಾನು ಎಂಬುದನ್ನು ಅರಿಯಬೇಕು. ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟವಿದ್ದರೆ 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಈ ಟೆಲಿ ಮಾನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಸಂಸತ್ತು ಏನು ಮಾಡುತ್ತದೋ ಕಾದು ನೋಡಬೇಕು. ಮಗ ಅಥವಾ ಮಗಳು ಬಾಯಿಬಿಟ್ಟು ಹೇಳಿದಾಗ ಕೂತು ಕೇಳುವುದಕ್ಕೆ ಮಾತ್ರ ಯಾವ ಕಾಯ್ದೆಯೂ ಬೇಕಿಲ್ಲ.